ರಿಜಿಸ್ಟರಿನಲ್ಲಿ ಹೆಸರು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ಪರೀಕ್ಷೆಯ ಬಗ್ಗೆ ಬರೆದಿದ್ದೀಯ, ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಎಲ್ಲ ಓದಿಕೊಂಡೆ. ಆದರೆ ಕೊನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆಯಲ್ಲ, "ಕೌನ್ಸೆಲಿಂಗ್‌ಗೆ ಹೋಗೋಣ ಅಂದ್ಕೊಂಡೆ ದೊಡ್ಡಮ್ಮ, ಆದರೆ ಅಲ್ಲಿ ಹೆಸರು ಬರೆಸಬೇಕಂತೆ, ಒಂದು ಸಲ ಬರೆಸಿದರೆ ಅಳಿಸೋಕಾಗಲ್ಲ ಅಲ್ವಾ?" ಅಂತ. ಅದನ್ನು ಓದಿದ ಮೇಲೆ ಬೇರೇನೂ ನನ್ನ ತಲೆಗೆ ಹೋಗಲಿಲ್ಲ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಆ ಸಾಲನ್ನೇ ಓದಿದೆ.

ನಿಮ್ಮಮ್ಮನಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ. ಅದು ನಿನಗೆ ಬಿಟ್ಟದ್ದು.

ಆ ಭಯ ನನಗೆ ಹೊಸದಲ್ಲ, ಪುಟ್ಟಿ. ನಾನು ಓದುವಾಗ ಹಾಸ್ಟೆಲ್‌ ರೂಮಿನಲ್ಲಿ ನನ್ನ ಜೊತೆ ಒಬ್ಬಳಿದ್ದಳು. ಅವಳ ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಓದಿನಲ್ಲಿ ನನಗಿಂತ ಎಷ್ಟೋ ಮುಂದೆ. ಎರಡನೇ ವರ್ಷ ಅವಳು ನಿಧಾನವಾಗಿ ಮಾತು ಬಿಟ್ಟಳು. ಒಂದೇ ಪುಟ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಕೂತಿರುತ್ತಿದ್ದಳು. ತಲೆ ಬಾಚುವುದನ್ನೂ ಬಿಟ್ಟಳು. ರಾತ್ರಿ ನನಗೆ ಎಚ್ಚರವಾದಾಗಲೆಲ್ಲ ಅವಳು ಗೋಡೆಗೆ ಒರಗಿ ಕೂತಿರುವುದು ಕಾಣುತ್ತಿತ್ತು. ಒಂದು ದಿನ ಅವಳೇ, "ವಾರಕ್ಕೊಂದು ದಿನ ಕೌನ್ಸೆಲರ್ ಬರ್ತಾರಂತೆ, ಜೊತೆಗೆ ಬರ್ತೀಯಾ?" ಅಂದಳು. ಹೋದೆವು.

ಬಾಗಿಲ ಪಕ್ಕ ಒಂದು ಮೇಜು. ಮೇಲೆ ಉದ್ದನೆಯ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಹೆಸರು, ತರಗತಿ, ಬಂದ ಕಾರಣ ಅಂತ ಗೆರೆ ಎಳೆದಿತ್ತು. ಮುಂಚೆ ಬಂದವರ ಹೆಸರೆಲ್ಲ ಹಾಗೇ ಕಾಣುತ್ತಿದ್ದವು. ಅವಳು ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ನಾನು ಅವಳ ಕೈ ಹಿಡಿದುಕೊಂಡೆ. "ಬೇಡ ಕಣೇ, ಯಾರಾದ್ರೂ ನೋಡಿದ್ರೆ?" ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಆ ಒಂದು ಅಕ್ಷರದ ಮೇಲೆ ಕಾಗದ ಹರಿಯುವ ತನಕ ಗೀಚಿ ಪೆನ್ನು ಕೆಳಗಿಟ್ಟಳು. ವಾಪಸ್ ಬಂದೆವು.

ಪರೀಕ್ಷೆಗೆ ಮುಂಚೆಯೇ ಮನೆಯವರು ಬಂದು ಅವಳನ್ನು ಕರೆದುಕೊಂಡು ಹೋದರು. ಟ್ರಂಕಿಗೆ ಅವಳ ಪುಸ್ತಕ ತುಂಬಿಕೊಟ್ಟದ್ದು ನಾನೇ. ಮತ್ತೆ ಬರಲಿಲ್ಲ. ಎರಡು ಪತ್ರ ಬರೆದೆ, ಉತ್ತರವಿಲ್ಲ. ಮೂರನೆಯದು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅಂತ ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ಅವತ್ತು ಕೈ ಹಿಡಿದಿದ್ದೆ.

ಆದ್ದರಿಂದ ನಿನ್ನ ಭಯವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹಾಗೆ ಬಾಗಿಲಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಹೆಸರು, ಕಾರಣ ಬರೆಸಿಕೊಳ್ಳುವುದು ತಪ್ಪು. ನಿಮ್ಮಲ್ಲೂ ಹಾಗೇ ಇದ್ದರೆ, ಬೇರೆ ದಾರಿ ಕೇಳು. ಫೋನಿನಲ್ಲೋ ಇಮೇಲ್‌ನಲ್ಲೋ ಸಮಯ ಗೊತ್ತುಮಾಡಿಕೊಳ್ಳಬಹುದು. ಎಷ್ಟೋ ಕಡೆ ವಿಡಿಯೊ ಕಾಲ್‌ನಲ್ಲೂ ಮಾತಾಡುತ್ತಾರೆ. ಹೆಸರು ಬೇಕಾಗುವುದು ಅವರಿಗೆ ಮಾತ್ರ, ಮುಂದಿನ ವಾರ ಬಂದಾಗ ನೀನು ಯಾರು ಅಂತ ತಿಳಿಯುವುದಕ್ಕೆ.

ಈಗ ಇನ್ನೊಂದು ಹೇಳಬೇಕು. ನಿಮ್ಮ ದೊಡ್ಡಪ್ಪ ಹೋದ ಮೇಲಿನ ಆ ವರ್ಷ ನಿನಗೆ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಇದು. ಬುಧವಾರ ಬುಧವಾರ ಲೈಬ್ರರಿಗೆ ಅಂತ ಹೊರಡುತ್ತಿದ್ದೆನಲ್ಲ, ನಾನು ಹೋಗುತ್ತಿದ್ದದ್ದು ಲೈಬ್ರರಿಗಲ್ಲ, ಒಬ್ಬ ಕೌನ್ಸೆಲರ್ ಹತ್ತಿರ. 11 ವಾರ ಹೋದೆ. ಆ ವಯಸ್ಸಿನಲ್ಲೂ ನಿನ್ನ ಭಯವೇ ನನಗಿತ್ತು, ಯಾರಾದರೂ ನೋಡಿದರೆ ಅಂತ.

ಮೊದಲ ದಿನ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯು-9 ಅಂತ ಅದರ ಹೆಸರು, ಖಿನ್ನತೆ ಎಷ್ಟಿದೆ ಅಂತ ಅಂದಾಜು ಮಾಡುವುದಕ್ಕೆ. ಬಹಳ ಕಡೆ ಇದನ್ನೇ ಬಳಸುತ್ತಾರೆ, ನಿನಗೂ ಕೊಡಬಹುದು. 9 ಪ್ರಶ್ನೆ, ಎಲ್ಲವೂ ಕಳೆದ 2 ವಾರದ ಬಗ್ಗೆ. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗಿದೆಯಾ, ಹೀಗೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಜಾಸ್ತಿ ಅಂಕ ಬಂದರೆ ಹೆದರಬೇಡ, ಅದೊಂದರಿಂದಲೇ ಯಾರೂ ಏನೂ ತೀರ್ಮಾನ ಮಾಡುವುದಿಲ್ಲ. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತಿದೆಯಾ ಅಂತ. ನಾನು ಅಲ್ಲಿ 0 ಹಾಕಿದೆ. ಅದು ನಿಜವಾಗಿರಲಿಲ್ಲ. ನಿಜ ಹೇಳುವುದಕ್ಕೆ ಇನ್ನೂ ಒಂದು ವಾರ ಬೇಕಾಯಿತು. ಹೇಳಿದಾಗ ಅವರು ಗಾಬರಿಯಾಗಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ಇನ್ನೂ ಹೇಳಿ ಅಂದರು.

ಮೂರನೇ ವಾರ ತಡೆಯಲಾರದೆ ಕೇಳಿಯೇ ಬಿಟ್ಟೆ. "ನನ್ನ ಬಗ್ಗೆ ಏನು ಬರೀತೀರಿ?" ಅಂತ. ಅವರು ಫೈಲನ್ನು ನನ್ನ ಕಡೆ ತಿರುಗಿಸಿದರು. ದಿನಾಂಕ. ಕೆಳಗೆ, "ನಿದ್ದೆ 3–4 ಗಂಟೆ. ತಂಗಿಯ ಜೊತೆ ಮಾತಾಡಿದ್ದಾರೆ. ಬೆಳಿಗ್ಗೆ ನಡೆಯಲು ಹೋಗಿ ನೋಡುತ್ತಾರೆ." ಅಷ್ಟೇ. ಅದೇ ಫೈಲಿಗೆ ಹೆದರಿ ನಾನು ಎರಡು ವಾರ ಅರ್ಧಂಬರ್ಧ ಮಾತಾಡಿದ್ದೆ.

ನೀನು ಓದುವ ಕಡೆ ಹೇಗೋ, ನಾನು ದೂರದಿಂದ ಹೇಳುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೋ. ಸಾಮಾನ್ಯವಾಗಿ ಕೌನ್ಸೆಲಿಂಗ್ ಫೈಲ್ ಬೇರೆ, ಅಂಕಪಟ್ಟಿಯ ದಾಖಲೆ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಇದು ಬರುವುದಿಲ್ಲ. ಪರೀಕ್ಷೆಗೆ ಹೆಚ್ಚಿನ ಸಮಯ ಬೇಕು ಅಂತ ನೀನೇ ಪತ್ರ ಕೇಳಿದರೆ ಮಾತ್ರ ವಿಭಾಗಕ್ಕೆ ಗೊತ್ತಾಗುತ್ತದೆ. ನೀನು ವಯಸ್ಕಳು, ನಿನ್ನ ಒಪ್ಪಿಗೆ ಇಲ್ಲದೆ ಅಪ್ಪ ಅಮ್ಮನಿಗೂ ಹೇಳುವ ಹಾಗಿಲ್ಲ. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ, ಮಗುವಿಗೆ ಹಿಂಸೆ ಆಗುತ್ತಿದೆ ಅಂತ ತಿಳಿದಾಗ, ನ್ಯಾಯಾಲಯ ಕೇಳಿದಾಗ ಮಾತ್ರ ಅವರು ಬಾಯಿ ಬಿಡಬೇಕಾಗಬಹುದು. ನಿಯಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದಕ್ಕೇ ಮೊದಲ ದಿನವೇ ಕೇಳು. ಫೈಲ್ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ ಅಂತ. ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಕೌನ್ಸೆಲರ್ ಆದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಓದುವ ಮಕ್ಕಳ ಮನಸ್ಸಿನ ತೊಂದರೆಗೆ ಕಾಲೇಜಿನಲ್ಲೇ ಸಹಾಯ ಕೊಡುವುದು ನಿನ್ನೆ ಮೊನ್ನೆ ಹುಟ್ಟಿದ ವ್ಯವಸ್ಥೆ ಅಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1910ರಲ್ಲೇ ಶುರು ಮಾಡಿದ್ದರು. ಚೆನ್ನಾಗಿ ಓದುತ್ತಿದ್ದ ಹುಡುಗರು ಮನಸ್ಸು ಕುಸಿದು ಮಧ್ಯದಲ್ಲೇ ಬಿಟ್ಟು ಹೋಗುತ್ತಿದ್ದಾರೆ ಅಂತ ಅಲ್ಲಿನವರಿಗೆ ಕಂಡಿತ್ತು. ಇದನ್ನು ಓದಿದ ದಿನ ನನಗೆ ಆ ಟ್ರಂಕೇ ಕಣ್ಣ ಮುಂದೆ ಬಂತು. ಮನಸ್ಸಿನ ತೊಂದರೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು 25 ತುಂಬುವ ಮೊದಲೇ ಶುರುವಾಗುತ್ತದಂತೆ. ನೀನು ಒಬ್ಬಳೇ ಅಲ್ಲ, ಅವಳೂ ಒಬ್ಬಳೇ ಆಗಿರಲಿಲ್ಲ. ಅವತ್ತು ನನಗೆ ಗೊತ್ತಿರಲಿಲ್ಲ.

ಇನ್ನು ಸಣ್ಣಪುಟ್ಟದ್ದು. ಪರೀಕ್ಷೆ ಹತ್ತಿರ ಬಂದರೆ ಅಲ್ಲಿ ಕಾಯುವವರು ಜಾಸ್ತಿ, ಈಗಲೇ ಸಮಯ ಕೇಳು. ಒಂದು ಸಲಕ್ಕೆ 45–50 ನಿಮಿಷ ಇರುತ್ತದೆ. ಅದು ಮುಗಿದ ತಕ್ಷಣ ಕ್ಲಾಸಿಗೆ ಓಡಬೇಡ, ಕಣ್ಣು ಕೆಂಪಾಗಿರಬಹುದು. ಮೊದಲು ಸಿಕ್ಕವರ ಜೊತೆ ಮಾತು ಹೊಂದದಿದ್ದರೆ ಬೇರೆಯವರನ್ನು ಕೇಳಬಹುದು, ಅದು ಅವಮಾನ ಮಾಡಿದ ಹಾಗಲ್ಲ. ಕೌನ್ಸೆಲರ್ ಮಾತ್ರೆ ಬರೆಯುವುದಿಲ್ಲ. ಬೇಕು ಅನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಇಷ್ಟೆಲ್ಲ ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ, ನೀನೇ ಕೇಳಿದ್ದೀಯ ಅಂತ ಬರೆದೆ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಸಾಯುವ ಯೋಚನೆ ಬರುತ್ತಿದೆಯಾ, ಪುಟ್ಟಿ? ಕೇಳಿದರೆ ಅದೇ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು, ಅದಕ್ಕೇ ಕೇಳುತ್ತಿದ್ದೇನೆ. ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡ. ಈ ಪತ್ರಕ್ಕೆ ಉತ್ತರ ಬರೆಯುತ್ತಾ ಕೂರಬೇಡ. ಪಕ್ಕದ ರೂಮಿನವರನ್ನು ಎಬ್ಬಿಸು, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು, ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನ್ ದಿಂಬಿನ ಪಕ್ಕವೇ ಇರುತ್ತದೆ.

ಅಂಥದ್ದೇನೂ ಇಲ್ಲದಿದ್ದರೂ ಒಬ್ಬಳೇ ಹೋಗುವುದಕ್ಕೆ ಕಷ್ಟ ಆದರೆ ನಾನು ಬರುತ್ತೇನೆ. ಒಳಗೆ ಬರುವುದಿಲ್ಲ, ಏನಂದರು ಅಂತಲೂ ಕೇಳುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಅಲ್ಲಿ ರಿಜಿಸ್ಟರ್ ಇದ್ದರೆ ಮೊದಲು ನನ್ನ ಹೆಸರು ಬರೆಯುತ್ತೇನೆ, ನೀನು ಅದರ ಕೆಳಗೆ ಬರೆ.

ಯಾವ ದಿನ ಅಂತ ತಿಳಿಸು.

ನಿನ್ನ
ದೊಡ್ಡಮ್ಮ