ಮಾತು ಕೊಟ್ಟ ಹಣ ಸಮಯಕ್ಕೆ ಸೇರಲಿ

ಮಾನ್ಯ ಸಂಪಾದಕರೆ,

ಏಡ್ಸ್, ಕ್ಷಯ, ಮಲೇರಿಯಾ ತಡೆಯಲು ಬಡ ದೇಶಗಳಿಗೆ ನೆರವಾಗುವ ಗ್ಲೋಬಲ್ ಫಂಡ್‌ಗೆ ಇಷ್ಟು ಹಣ ಕೊಡುತ್ತೇವೆ ಎಂದು ಸರ್ಕಾರಗಳು ಮೂರು ವರ್ಷಕ್ಕೊಮ್ಮೆ ಘೋಷಿಸುತ್ತವೆ. 2025ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಈ ಸಭೆ ನಡೆಯಿತು. ಬೇಕಿದ್ದದ್ದು 1,800 ಕೋಟಿ ಡಾಲರ್. ಅಂದು ಒಟ್ಟಾದದ್ದು 1,134 ಕೋಟಿ. 2022ರಲ್ಲಿ 1,500 ಕೋಟಿಗೂ ಜಾಸ್ತಿ ಸೇರಿತ್ತು. ಈ ಸಲ ಅಮೆರಿಕ ತನ್ನ ಪಾಲನ್ನು 600 ಕೋಟಿಯಿಂದ 460 ಕೋಟಿಗೆ ಇಳಿಸಿತು. ಸಭೆಯನ್ನು ದಕ್ಷಿಣ ಆಫ್ರಿಕಾ ಜೊತೆ ಸೇರಿ ನಡೆಸಿದ ಬ್ರಿಟನ್ ಕೂಡ 100 ಕೋಟಿ ಪೌಂಡ್‌ನಿಂದ 85 ಕೋಟಿಗೆ ಇಳಿಯಿತು.

ಇದಕ್ಕಿಂತ ಜಾಸ್ತಿ ಸಂಕಟವಾಗುವುದು ಇನ್ನೊಂದು ಸಂಗತಿಗೆ. ಹಿಂದೆ ಒಪ್ಪಿಕೊಂಡ ಹಣವೇ ಸಮಯಕ್ಕೆ ಬಾರದೆ, 2025ರಲ್ಲಿ ನಡೆಯುತ್ತಿದ್ದ ಯೋಜನೆಗಳಿಂದ 143 ಕೋಟಿ ಡಾಲರ್ ಕಡಿತ ಮಾಡಬೇಕಾಯಿತು. ರಸ್ತೆ ಕೆಲಸ ಅರ್ಧಕ್ಕೆ ನಿಂತರೆ ಮುಂದಿನ ವರ್ಷ ಮುಗಿಸಬಹುದು. ಚಿಕಿತ್ಸೆ ಹಾಗಲ್ಲ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ನಡುವೆ ನಿಂತರೆ ರೋಗಾಣು ಆ ಔಷಧಕ್ಕೆ ಬಗ್ಗದ ಹಾಗೆ ಆಗಬಹುದು. ಎಚ್‌ಐವಿ ಮಾತ್ರೆಯಂತೂ ಬದುಕಿಡೀ ಬೇಕು. ಮಲೇರಿಯಾ ತಡೆಯಲು ಕೊಡುವ ಸೊಳ್ಳೆ ಪರದೆ ಎರಡು ಮೂರು ವರ್ಷಕ್ಕೆ ಹರಿದುಹೋಗುತ್ತದೆ. ಹೊಸದು ಬಾರದಿದ್ದರೆ ಮೊದಲು ಸಾಯುವವರು ಐದು ವರ್ಷದೊಳಗಿನ ಆಫ್ರಿಕಾದ ಮಕ್ಕಳು.

ನಮಗೂ ಇದರ ಅನುಭವ ಇದೆ. 1961ರಲ್ಲಿ ಭಾರತದಲ್ಲಿ ಮಲೇರಿಯಾ ಪ್ರಕರಣಗಳು ಸುಮಾರು 50 ಸಾವಿರಕ್ಕೆ ಇಳಿದಿದ್ದವು. 1976ರ ಹೊತ್ತಿಗೆ 64 ಲಕ್ಷ ದಾಟಿದವು. ಸೊಳ್ಳೆಗಳು ಡಿಡಿಟಿ ಎಂಬ ಕೀಟನಾಶಕಕ್ಕೆ ಜಗ್ಗದಂತಾದದ್ದು ಒಂದು ಕಾರಣ. ಆದರೆ ರೋಗ ಹೋಯಿತು ಅಂತ ಕೈ ಸಡಿಲ ಬಿಟ್ಟದ್ದು, ಡಿಡಿಟಿ ಸಮಯಕ್ಕೆ ಒದಗದೆ ಹೋದದ್ದೂ ಕಾರಣವೇ.

ಆಫ್ರಿಕಾದ ಸರ್ಕಾರಗಳೂ ಬಜೆಟ್‌ನ ಶೇ 15ರಷ್ಟನ್ನು ಆರೋಗ್ಯಕ್ಕೆ ಇಡುತ್ತೇವೆಂದು 2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಹೇಳಿದ್ದವು. ಹೆಚ್ಚಿನವು ಆ ಮಾತು ಉಳಿಸಿಕೊಂಡಿಲ್ಲ. ಅದು ತಪ್ಪೇ. ಹಾಗಂತ ಅದರ ಶಿಕ್ಷೆ ರೋಗಿಗೆ ಆಗಬಾರದು ಅಲ್ವಾ?

ಈ ನಿಧಿಯಿಂದ ಭಾರತ ಹಣ ಪಡೆದಿದೆ, ಕೊಟ್ಟೂ ಇದೆ. 2019ರಲ್ಲಿ ನಾವು ಘೋಷಿಸಿದ್ದು 2.2 ಕೋಟಿ ಡಾಲರ್. ಆಫ್ರಿಕಾದ ಎಚ್‌ಐವಿ ರೋಗಿಗಳು ನುಂಗುವ ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದು ನಮ್ಮ ದೇಶದಲ್ಲಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮಲ್ಲೇ ಇದ್ದಾರೆ. ಇಷ್ಟು ಸಂಬಂಧ ಇರುವ ದೇಶ ಇನ್ನೂ ಜಾಸ್ತಿ ಕೊಡಬಹುದು, ಕೊಡಬೇಕು. ಉಳಿದ ದೇಶಗಳನ್ನೂ ಧೈರ್ಯವಾಗಿ ಕೇಳಬೇಕು.

ತಮ್ಮಲ್ಲೂ ಒಂದು ಕೋರಿಕೆ. ಇಂಥ ಸಭೆಗಳಲ್ಲಿ ಯಾವ ದೇಶ ಎಷ್ಟು ಘೋಷಿಸಿತು ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ವರ್ಷ ಕಳೆದ ಮೇಲೆ ಅದರಲ್ಲಿ ಎಷ್ಟು ಕೊಟ್ಟಿತು ಎಂಬುದನ್ನೂ ದಯವಿಟ್ಟು ಪ್ರಕಟಿಸಿ. ನಮ್ಮ ಸಂಸದರೂ ಆ ಪ್ರಶ್ನೆಯನ್ನು ಸಂಸತ್ತಿನಲ್ಲಿ ಕೇಳಲಿ.

— ಓದುಗ, ತುಮಕೂರು