ಶಿವಮೊಗ್ಗ–ಭದ್ರಾವತಿಯನ್ನು ಒಂದೆಂದು ಎಣಿಸಿ, ಒಂದು ಮಾಡಬೇಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಶಿವಮೊಗ್ಗ ಮತ್ತು ಭದ್ರಾವತಿಯನ್ನು ಸೇರಿಸಿ ಒಂದೇ ಮಹಾನಗರವಾಗಿ ಮಾಡಬೇಕೆಂಬ ಮಾತು ನಮ್ಮ ಕಡೆಯ ಮದುವೆ ಮನೆಗಳಲ್ಲೂ ಬಸ್ಸುಗಳಲ್ಲೂ ಆಗಾಗ ಕಿವಿಗೆ ಬೀಳುತ್ತದೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ, ಅದು ಎರಡೂ ಊರುಗಳ ನಡುವೆಯೇ ಇರುವುದರಿಂದ, ಆ ಮಾತನ್ನು ನಾನು ಹೆಚ್ಚು ಕೇಳುತ್ತಿದ್ದೇನೆ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದು, ಇಪ್ಪತ್ತೆರಡು ವರ್ಷ ಕೆಲಸಕ್ಕಾಗಿ ಶಿವಮೊಗ್ಗಕ್ಕೆ ಹೋಗಿ ಬಂದವನು ನಾನು. ಈ ಎರಡು ಊರುಗಳನ್ನು ಲೆಕ್ಕದಲ್ಲಿ, ಯೋಜನೆಯಲ್ಲಿ, ಬಸ್ಸಿನ ವ್ಯವಸ್ಥೆಯಲ್ಲಿ ಒಂದೆಂದು ಎಣಿಸಿ, ಆದರೆ ಭದ್ರಾವತಿಯ ನಗರಸಭೆಯನ್ನು ತೆಗೆದು ಒಂದೇ ಪಾಲಿಕೆಯ ಕೆಳಗೆ ತರಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಜನರ ಬದುಕಿನಲ್ಲಿ ಇವೆರಡೂ ಒಂದಾಗಿ ಬಹಳ ಕಾಲವಾಯಿತು. ಬೆಳಿಗ್ಗೆ ಮಾಚೇನಹಳ್ಳಿಯಲ್ಲಿ ಒಂದು ಅರ್ಧ ಗಂಟೆ ನಿಂತು ನೋಡಬೇಕು. ಶಿವಮೊಗ್ಗದಿಂದ ಬಂದ ಬಸ್ಸು ರಸ್ತೆಯ ಒಂದು ಮಗ್ಗುಲಲ್ಲಿ ನಿಲ್ಲುತ್ತದೆ, ಭದ್ರಾವತಿಯಿಂದ ಬಂದದ್ದು ಎದುರು ಮಗ್ಗುಲಲ್ಲಿ. ಎರಡರಿಂದಲೂ ಇಳಿದ ಹೆಣ್ಣುಮಕ್ಕಳು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು, ಮಳೆಗೆ ಸೀರೆಯ ಅಂಚು ಎತ್ತಿಕೊಂಡು, ಒಂದೇ ಗಾರ್ಮೆಂಟ್ಸ್ ಗೇಟಿನ ಕಡೆ ನಡೆಯುತ್ತಾರೆ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಇರುವುದು ಭದ್ರಾವತಿ ತಾಲ್ಲೂಕಿನಲ್ಲಿ. ಶಿವಮೊಗ್ಗದ ಎಷ್ಟೋ ಮನೆಗಳ ಮಕ್ಕಳು ಓದುವುದು ಅಲ್ಲಿ. ಭದ್ರಾವತಿಯಲ್ಲಿ ನಡುರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಮನೆಯವರು ಮೊದಲು ನೆನೆಯುವುದು ಶಿವಮೊಗ್ಗದ ಆಸ್ಪತ್ರೆಗಳನ್ನು.

ಆದರೆ ಕಾನೂನಿನ ಭಾಷೆಯಲ್ಲಿ 'ಮಹಾನಗರ ಪ್ರದೇಶ' ಎಂಬುದಕ್ಕೆ ಖಚಿತವಾದ ಅರ್ಥವಿದೆ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಬಂದ 243ಪಿ ವಿಧಿಯ ಪ್ರಕಾರ, ಎರಡು ಅಥವಾ ಹೆಚ್ಚು ನಗರ ಸಂಸ್ಥೆಗಳನ್ನೋ ಪಂಚಾಯಿತಿಗಳನ್ನೋ ಒಳಗೊಂಡ ಅಂಥ ಪ್ರದೇಶದ ಜನಸಂಖ್ಯೆ ಕನಿಷ್ಠ 10 ಲಕ್ಷ ಇರಬೇಕು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದಲ್ಲಿದ್ದವರು ಸುಮಾರು 3.22 ಲಕ್ಷ, ಭದ್ರಾವತಿಯಲ್ಲಿ ಸುಮಾರು 1.5 ಲಕ್ಷ. ಇಡೀ ಜಿಲ್ಲೆಯೇ 17.5 ಲಕ್ಷದ್ದು. ಜನಗಣತಿಯವರು ಎರಡು ಊರುಗಳನ್ನು ಒಂದೇ ನಗರ ಸಮೂಹವೆಂದು ಒಪ್ಪಬೇಕಾದರೆ ಅವು ಒಂದಕ್ಕೊಂದು ತಾಗಿಕೊಂಡಿರಬೇಕು. ನಮ್ಮ ಹೆದ್ದಾರಿಯ ಎರಡು ಬದಿಗೆ ಇನ್ನೂ ಗದ್ದೆಗಳಿವೆ, ಅಡಿಕೆ ತೋಟಗಳಿವೆ, ಅವು ಹಾಗೆಯೇ ಇರಲಿ ಎಂಬುದು ನನ್ನ ಆಸೆ. ಹೀಗಾಗಿ ಮಹಾನಗರವೆಂಬ ಹೆಸರು ಸದ್ಯಕ್ಕೆ ನಮಗೆ ದಕ್ಕುವುದಿಲ್ಲ. ದಕ್ಕದಿದ್ದರೂ ನಷ್ಟವಿಲ್ಲ, ಏಕೆಂದರೆ ನಮಗೆ ಬೇಕಾದ ಸಾಧನ ಬೇರೆ ಕಡೆ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಥ ಮಾತು ಬಂದಾಗಲೆಲ್ಲ ಹುಬ್ಬಳ್ಳಿ–ಧಾರವಾಡದ ಉದಾಹರಣೆ ಕೊಡುತ್ತಾರೆ. ಅಲ್ಲಿಯೂ ಎರಡು ಊರುಗಳ ನಡುವಿನ ದೂರ ನಮ್ಮಷ್ಟೇ, ಸುಮಾರು 20 ಕಿಲೋಮೀಟರ್. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಪಾಲಿಕೆ ಮಾಡಿದರು. ಅಷ್ಟು ವರ್ಷ ಒಟ್ಟಿಗೆ ಇದ್ದ ಮೇಲೆ, 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಒಪ್ಪಿತು. ದೊಡ್ಡ ಊರಿನ ನೆರಳಿನಲ್ಲಿ ತಮ್ಮ ಪಾಲು ಸಿಗಲಿಲ್ಲವೆಂಬ ಧಾರವಾಡದವರ ಕೊರಗು ಅರುವತ್ತು ವರ್ಷವಾದರೂ ಆರಲಿಲ್ಲ. ಅದೇ ಅವಳಿ ನಗರದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸುಗಳು ಮಾತ್ರ ಎರಡೂ ಊರಿನವರಿಗೆ ಬೇಕಾಗಿವೆ. ನಾವು ಅಲ್ಲಿಂದ ಕಲಿಯಬೇಕಾದದ್ದು ಬಸ್ಸನ್ನು, ಪಾಲಿಕೆಯನ್ನಲ್ಲ ಎಂದು ನನಗನ್ನಿಸುತ್ತದೆ.

ಭದ್ರಾವತಿಯವರ ಅಂಜಿಕೆಯನ್ನು ತಾವು ಹಗುರವಾಗಿ ಕಾಣಬಾರದು. 1923ರಲ್ಲಿ ಉತ್ಪಾದನೆ ಶುರುಮಾಡಿದ, ಮುಂದೆ ಉಕ್ಕಿನದೂ ಆದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಈ ಎರಡರ ಮೇಲೆ ನಿಂತ ಊರು ನಮ್ಮದು. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರ ಮನೆಗಳಲ್ಲಿ ಎಂಥ ಮೌನವಿತ್ತೆಂಬುದನ್ನು ನಾನು ಕಂಡಿದ್ದೇನೆ. ಅದೇ ವರ್ಷ ಅಲ್ಲಿನ ಉಕ್ಕಿನ ಸರಳು ತಯಾರಿಸುವ ಬಾರ್ ಮಿಲ್ ಮತ್ತೆ ತಿರುಗಿತು, ಆದರೆ ಹೋದ ಧೈರ್ಯ ಪೂರ್ತಿ ಮರಳಲಿಲ್ಲ. ಇಂಥ ಹೊತ್ತಿನಲ್ಲಿ ನಗರಸಭೆಯೂ ಹೋದರೆ, ಭದ್ರಾವತಿ ಎಂಬುದು ಶಿವಮೊಗ್ಗದಲ್ಲಿ ದುಡಿದವರು ರಾತ್ರಿ ಮಲಗಲು ಬರುವ ಜಾಗವಾಗಿ ಉಳಿಯುತ್ತದೆ. ಈಗ ಶಿವಮೊಗ್ಗದ ಪಾಲಿಕೆಯಲ್ಲಿ 35 ವಾರ್ಡುಗಳು, ನಮ್ಮ ನಗರಸಭೆಯಲ್ಲೂ 35. ಜನಸಂಖ್ಯೆಯ ಲೆಕ್ಕದಲ್ಲಿ ಸೇರಿಸಿದರೆ ನಮ್ಮವರು ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದದ್ದು ಶಿವಮೊಗ್ಗ ಮಾತ್ರ ಎಂಬುದೂ ಇಲ್ಲಿಯವರ ನೆನಪಿನಲ್ಲಿದೆ.

ಹಾಗಾದರೆ ಈಗಿರುವಂತೆಯೇ ಇರಲಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ನನ್ನ ತಂಗಿಯ ಮನೆಯವರು ಹೆದ್ದಾರಿಯ ಪಕ್ಕದ ಬಡಾವಣೆಯೊಂದರಲ್ಲಿ ನಿವೇಶನ ಕೊಂಡು ಮನೆ ಕಟ್ಟಿದರು. ಮನೆ ಮುಂದೆ ಕಂಬವಿದೆ, ದೀಪವಿಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ ಬಡಾವಣೆ ಇನ್ನೂ ತಮಗೆ ಹಸ್ತಾಂತರವಾಗಿಲ್ಲ ಎನ್ನುತ್ತಾರೆ, ಇನ್ನೊಂದು ಕಚೇರಿಯಲ್ಲಿ ಕೇಳಿದರೆ ನಿರ್ವಹಣೆ ತಮ್ಮದಲ್ಲ ಎನ್ನುತ್ತಾರೆ. ಅಲ್ಲಿನ ಚರಂಡಿ ಬಡಾವಣೆಯ ಗೋಡೆಯವರೆಗೆ ಬಂದು ನಿಂತುಬಿಟ್ಟಿದೆ. ಆಚೆ ಕಡೆಯ ರೈತನ ಗದ್ದೆಗೆ ಸೋಪಿನ ನೀರು ಹರಿಯುತ್ತದೆ. ಆತ ಬದುವಿಗೆ ಮಣ್ಣಿನ ಚೀಲ ಪೇರಿಸಿಕೊಂಡಿದ್ದಾನೆ. ಇದು ಶಿವಮೊಗ್ಗದ ಸಮಸ್ಯೆಯೂ ಅಲ್ಲ, ಭದ್ರಾವತಿಯದೂ ಅಲ್ಲ. ಇವೆರಡರ ನಡುವೆ ಬೆಳೆಯುತ್ತಿರುವ, ಯಾರೂ ತಮ್ಮದೆನ್ನದ ಊರಿನ ಸಮಸ್ಯೆ.

ಬಸ್ಸಿನ ವಿಷಯವೂ ಹಾಗೆಯೇ. ಹಗಲಿನಲ್ಲಿ ತೊಂದರೆಯಿಲ್ಲ. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯಲ್ಲಿದ್ದ ಅಮ್ಮನನ್ನು ನೋಡಿಕೊಂಡು ರಾತ್ರಿ ಹನ್ನೊಂದಕ್ಕೆ ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಬಂದೆ. ಬೆಂಗಳೂರಿನ ಬಸ್ಸಿನವರು ಭದ್ರಾವತಿಗೆ ಹತ್ತಿಸಿಕೊಳ್ಳಲಿಲ್ಲ. ಆಟೋದವರು ದುಪ್ಪಟ್ಟು ಕೇಳಿದರು. "ಬರುವಾಗ ಖಾಲಿ ಬರಬೇಕಲ್ಲ ಸಾರ್" ಎಂಬ ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಎರಡು ಊರುಗಳ ನಡುವೆ ತಡರಾತ್ರಿಯವರೆಗೆ ನಗರ ಸಾರಿಗೆಯಂತೆ ನಿಗದಿತ ಹೊತ್ತಿಗೆ ಓಡುವ ಬಸ್ಸುಗಳಿದ್ದರೆ ನನಗಿಂತ ಹೆಚ್ಚಾಗಿ ಎರಡನೇ ಪಾಳಿ ಮುಗಿಸಿ ಬರುವವರಿಗೆ ಅನುಕೂಲ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಎರಡೂ ಊರುಗಳ ಹೆಸರನ್ನು ಹೊತ್ತ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ ಈಗಾಗಲೇ ಇದೆ. ಸಂವಿಧಾನದ 243ಜೆಡ್‌ಡಿ ವಿಧಿಯು ಜಿಲ್ಲಾ ಯೋಜನಾ ಸಮಿತಿಗೆ ವಹಿಸಿರುವುದೇ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ನಡುವಿನ ಸಮಾನ ಹಿತದ ವಿಷಯಗಳನ್ನು, ನೀರಿನ ಹಂಚಿಕೆಯನ್ನು, ಮೂಲಸೌಕರ್ಯವನ್ನು ಒಟ್ಟಾಗಿ ನೋಡುವ ಕೆಲಸವನ್ನು. ತಾವು ಆ ಸಮಿತಿಯ ಮುಂದೆ ಪಾಲಿಕೆ, ನಗರಸಭೆ, ಪ್ರಾಧಿಕಾರ, ನಿದಿಗೆಯಂಥ ನಡುವಿನ ಗ್ರಾಮ ಪಂಚಾಯಿತಿಗಳು ಹಾಗೂ ಸಾರಿಗೆ ಸಂಸ್ಥೆಯನ್ನು ಒಟ್ಟಿಗೆ ಕೂರಿಸಿ, ಹೆದ್ದಾರಿಯುದ್ದಕ್ಕೂ ಯಾವ ಬಡಾವಣೆಯ ದೀಪ, ಚರಂಡಿ, ಕಸ ಯಾರ ಹೊಣೆ ಎಂಬುದನ್ನು ಬರಹದಲ್ಲಿ ನಿಗದಿ ಮಾಡಿಸಬೇಕು. ಯಾವ ಗದ್ದೆಗಳನ್ನು ಮುಟ್ಟಬಾರದೆಂಬುದನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕು. ಮೊದಲ ಸಭೆಯನ್ನು ದಯವಿಟ್ಟು ಶಿವಮೊಗ್ಗದಲ್ಲಿ ಕರೆಯದೆ ಭದ್ರಾವತಿಯಲ್ಲಿ ಕರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಭದ್ರಾವತಿ ಹೊಸಮನೆಯ ಒಬ್ಬ ನಿವಾಸಿ