ತೀರ್ಪು ಹೇಳಲು ನಾನು ಯಾರು ಎಂದು ಕೇಳಿದ ಸೋದರಸೊಸೆಗೆ

ಚಿರಂಜೀವಿ ಮಗಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನೀತಿಯ ಪ್ರಶ್ನೆಗಳಿಗೆ ಒಂದೋ ಎಲ್ಲ ಕಾಲಕ್ಕೂ ಸಲ್ಲುವ ನಿಯಮ ಇರಬೇಕು, ಇಲ್ಲವೇ ಅವೆಲ್ಲ ಅವರವರ ಅಭಿರುಚಿಗೆ ಬಿಟ್ಟ ಸಂಗತಿಗಳಾಗಬೇಕು ಎಂದಿದ್ದೀಯ. ನಿಯಮ ಇಲ್ಲದ ಕಡೆ ಇನ್ನೊಬ್ಬರ ನಡತೆಯನ್ನು ಸರಿ, ತಪ್ಪು ಎನ್ನಲು ನಾನು ಯಾರು ಎಂದೂ ಕೇಳಿದ್ದೀಯ. ಮಾತಿನಲ್ಲಿರುವ ವಿನಯ ನನಗೆ ಹಿಡಿಸಿತು. ಆದರೆ ಇರುವುದು ಇವೆರಡೇ ದಾರಿ ಎಂಬುದನ್ನು ನಾನು ಒಪ್ಪಲಾರೆ. ಇವೆರಡೂ ಅಲ್ಲದ ವಿವೇಚನೆ ಎಂಬುದೊಂದು ಇದೆ, ಅದಿಲ್ಲದೆ ನಿಯಮ ಕೂಡ ಒಂದು ಹೆಜ್ಜೆ ಮುಂದೆ ಹೋಗದು.

ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ಕತ್ತರಿಸುವೆನೆಂಬ ಪ್ರತಿಜ್ಞೆಗೆ ಕಟ್ಟುಬಿದ್ದು ಅರ್ಜುನ ಅಣ್ಣ ಧರ್ಮರಾಯನ ಮೇಲೆಯೇ ಖಡ್ಗ ಹಿರಿಯುತ್ತಾನೆ. ಆಗ ಕೃಷ್ಣ ಅವನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತ ತೊಟ್ಟ ತಪಸ್ವಿ ಅವನು. ದರೋಡೆಕೋರರಿಗೆ ಹೆದರಿ ಓಡಿಬಂದ ಕೆಲವರು ಅವನಿದ್ದ ಕಡೆಯ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಿದಾಗ ಅವನು ವ್ರತಕ್ಕೆ ತಪ್ಪದೆ ಜಾಗ ತೋರಿಸಿದ. ಅಡಗಿದ್ದವರು ಹತರಾದರು, ಸತ್ಯ ನುಡಿದವನು ನರಕಕ್ಕೆ ಹೋದ. ಸುಮ್ಮನಿರಬಹುದಿತ್ತು ಎಂಬ ಯೋಚನೆಯೂ ಅವನಿಗೆ ಬರಲಿಲ್ಲ, ಏಕೆಂದರೆ ಏನು ಮಾಡಬೇಕೆಂಬುದು ವ್ರತ ತೊಟ್ಟ ದಿನವೇ ತೀರ್ಮಾನವಾಗಿ ಹೋಗಿತ್ತು. ಮನೆಯಲ್ಲಿ ಅಡಗಿದ ಗೆಳೆಯನನ್ನು ಕೊಲೆಗಾರ ಹುಡುಕಿಕೊಂಡು ಬಂದರೂ ಸುಳ್ಳು ಹೇಳಬಾರದೆಂದು 1797ರ ಸಣ್ಣ ಪ್ರಬಂಧವೊಂದರಲ್ಲಿ ವಾದಿಸಿದ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ಗೆ ಕೃಷ್ಣನ ಉತ್ತರ ಒಪ್ಪಿಗೆಯಾಗುತ್ತಿರಲಿಲ್ಲ.

ಆದರೂ ವಿವೇಚನೆಯ ಅಗತ್ಯವನ್ನು ಅತ್ಯಂತ ನಿಖರವಾಗಿ ತೋರಿಸಿದವನು ಅದೇ ಕಾಂಟ್. 1781ರ ತನ್ನ ಮಹಾಗ್ರಂಥದಲ್ಲಿ ಅವನು ಹೇಳುವುದಿಷ್ಟು: ಎದುರಿಗಿರುವ ಸಂದರ್ಭ ಒಂದು ನಿಯಮದ ವ್ಯಾಪ್ತಿಗೆ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಇನ್ನೊಂದು ನಿಯಮ ಬೇಕೆಂದರೆ, ಆ ಇನ್ನೊಂದನ್ನು ಅನ್ವಯಿಸಲು ಮತ್ತೊಂದು ಬೇಕಾಗುತ್ತದೆ, ಹೀಗೆ ಇದಕ್ಕೆ ಕೊನೆಯೇ ಇರುವುದಿಲ್ಲ. ಎಲ್ಲೋ ಒಂದು ಕಡೆ ಮನುಷ್ಯನೇ ನೋಡಿ ನಿರ್ಧರಿಸಬೇಕು. ವೈದ್ಯನ, ನ್ಯಾಯಾಧೀಶನ, ರಾಜಕಾರಣಿಯ ತಲೆಯಲ್ಲಿ ಒಳ್ಳೆಯ ನಿಯಮಗಳು ಎಷ್ಟೇ ತುಂಬಿದ್ದರೂ ಅನ್ವಯಿಸುವಾಗ ಅವರು ಎಡವಬಹುದು; ಈ ಶಕ್ತಿಯನ್ನು ಪಾಠ ಹೇಳಿ ಕೊಡಲಾಗದು, ಅಭ್ಯಾಸದಿಂದಷ್ಟೇ ಹರಿತಗೊಳಿಸಬಹುದು ಎನ್ನುತ್ತಾನೆ. ನಿನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಅರಿಸ್ಟಾಟಲ್ ಇದನ್ನು ಕಾನೂನಿನ ಕಡೆಯಿಂದ ನೋಡಿದ. ಕಾನೂನು ಎಲ್ಲ ಪ್ರಕರಣಗಳಿಗೂ ಒಟ್ಟಾಗಿ ಮಾತನಾಡುತ್ತದೆ, ಪ್ರಕರಣವೋ ವಿಶೇಷವಾಗಿರುತ್ತದೆ. ಅಂತಹ ಕಡೆ ಶಾಸನ ಮಾಡಿದವನೇ ಎದುರಿಗಿದ್ದರೆ ಏನು ಹೇಳುತ್ತಿದ್ದನೋ ಅದರಂತೆ ಕಾನೂನನ್ನು ತಿದ್ದಿಕೊಳ್ಳುವುದೇ ನ್ಯಾಯ. ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವ ಸೀಸದ ಅಳತೆಪಟ್ಟಿಯನ್ನು ಅವನು ಇದಕ್ಕೆ ಹೋಲಿಕೆಯಾಗಿ ಕೊಟ್ಟ. ಎಳೆಯರು ಗಣಿತದಲ್ಲಿ ನಿಪುಣರಾಗಬಹುದು, ಆದರೆ ವ್ಯವಹಾರದ ವಿವೇಕಕ್ಕೆ ಅನುಭವ ಬೇಕು ಎಂದೂ ಹೇಳಿದ. ಇದರಿಂದ ನೀನು ಕುಗ್ಗಬೇಕಾಗಿಲ್ಲ. ತೀರ್ಮಾನಿಸುವುದನ್ನು ಮುಂದೂಡುತ್ತಲೇ ಹೋದವರಿಗೆ ಆ ಅನುಭವ ದಕ್ಕುವುದಾದರೂ ಹೇಗೆ?

ಇನ್ನು, ‘ನಾನು ಯಾರು’ ಎಂಬ ಮಾತು. ನಾಜಿ ಆಡಳಿತದ ಬಗ್ಗೆ ಬರೆಯುವಾಗ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಅವರು ಈ ಮಾತನ್ನೇ ಎತ್ತಿಕೊಂಡು ಪರೀಕ್ಷಿಸಿದ್ದಾರೆ. ಅವರು ಗಮನಿಸಿದ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಗಟ್ಟಿ ನಿಯಮಗಳನ್ನು ನಂಬಿದ್ದ ಗೌರವಸ್ಥರು ಹಳೆಯ ನಿಯಮಗಳ ಜಾಗದಲ್ಲಿ ಹೊಸವು ಬಂದಾಗ ಅವನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಿದರು. ಕೈಜೋಡಿಸಲು ನಿರಾಕರಿಸಿದ ಕೆಲವರು ಮಾತ್ರ, ಇದನ್ನು ಮಾಡಿದ ಮೇಲೆ ನನ್ನೊಡನೆ ನಾನು ಬದುಕಬಲ್ಲೆನೇ ಎಂದು ಕೇಳಿಕೊಂಡು, ತಾವೇ ತೀರ್ಮಾನಿಸಿದರು. 1961ರಲ್ಲಿ ಜೆರುಸಲೇಮಿನ ವಿಚಾರಣೆಯಲ್ಲಿ ಗಾಜಿನ ಕಟಕಟೆಯೊಳಗೆ ಕುಳಿತಿದ್ದ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಕ್ಮನ್ ಕಾಂಟ್‌ನ ಪರಮ ನಿಯಮವನ್ನು, ಅಂದರೆ ಎಲ್ಲರಿಗೂ ನಿಯಮವಾಗಬಲ್ಲ ಸೂತ್ರದಂತೆಯೇ ನಡೆ ಎಂಬುದನ್ನು, ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿದ. ಅವನು ಬರೀ ಆಜ್ಞಾಪಾಲಕನಾಗಿರಲಿಲ್ಲ, ಯಹೂದಿದ್ವೇಷದಲ್ಲಿ ಮುಳುಗಿದವನೇ ಆಗಿದ್ದ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ, ಅದನ್ನು ಮರೆಯಬಾರದು. ಸೂತ್ರ ಬಾಯಿಗೆ ಬಂದ ಮಾತ್ರಕ್ಕೆ ಮನುಷ್ಯ ನೀತಿವಂತನಾಗುವುದಿಲ್ಲ ಎಂಬುದಂತೂ ಆಗಲೂ ಸುಳ್ಳಾಗದು.

ಹಾಗಾದರೆ ವಿವೇಚನೆ ಮನಸ್ವೇಚ್ಛೆಯಾಗದಂತೆ ತಡೆಯುವುದು ಯಾವುದು? 1790ರ ಗ್ರಂಥದಲ್ಲಿ ಕಾಂಟ್ ಮೂರು ಸೂತ್ರಗಳನ್ನು ಕೊಡುತ್ತಾನೆ: ತಾನೇ ಯೋಚಿಸುವುದು, ಪ್ರತಿಯೊಬ್ಬರ ಸ್ಥಾನದಲ್ಲಿ ನಿಂತು ಯೋಚಿಸುವುದು, ತನ್ನೊಡನೆ ತಾನು ಸುಸಂಗತವಾಗಿ ಯೋಚಿಸುವುದು. ಎರಡನೆಯದನ್ನು ಅರೆಂಟ್ ರಾಜಕೀಯಕ್ಕೆ ತಂದರು. ಎಷ್ಟು ಜನ ಯಾವ ಕಡೆ ಇದ್ದಾರೆಂದು ಎಣಿಸುವುದು ಅದರ ಅರ್ಥವಲ್ಲ. ಗೈರುಹಾಜರಾದವರಿಗೂ ಈ ವಿಷಯ ಹೇಗೆ ಕಾಣುತ್ತದೆ ಎಂದು ಕಲ್ಪಿಸಿಕೊಂಡು, ಅವರೆಲ್ಲರ ಮುಂದೆ ಹೇಳಬಹುದಾದ ಕಾರಣಗಳಿಂದ ತೀರ್ಮಾನಕ್ಕೆ ಬರುವುದು. ಹೀಗೆ ಮಾಡಿದ ಮೇಲೂ ಪ್ರಾಮಾಣಿಕರ ನಡುವೆ ಭಿನ್ನಾಭಿಪ್ರಾಯ ಉಳಿಯುತ್ತದೆ. ಸಾಕ್ಷ್ಯಗಳು ತೊಡಕಾಗಿರುತ್ತವೆ, ಯಾವುದಕ್ಕೆ ಎಷ್ಟು ತೂಕ ಎಂಬಲ್ಲಿ ಬದುಕಿನ ಅನುಭವಗಳು ನಮ್ಮನ್ನು ಬೇರೆಬೇರೆ ಕಡೆ ಎಳೆಯುತ್ತವೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ಅವರು 1993ರಲ್ಲಿ ಇವನ್ನು ವಿವೇಚನೆಯ ಹೊರೆಗಳೆಂದು ಕರೆದರು. ನಿನ್ನ ಮಾತನ್ನು ಒಪ್ಪದವರೆಲ್ಲ ಮೂರ್ಖರೂ ಸ್ವಾರ್ಥಿಗಳೂ ಅಲ್ಲ ಎಂದು ತಿಳಿದಿರಲು ಇದು ನೆರವಾಗುತ್ತದೆ. ತೀರ್ಮಾನವನ್ನೇ ಕೈಬಿಡಲು ಇದು ನೆಪವಾಗಬಾರದು.

ಪತ್ರದ ಕೊನೆಯಲ್ಲಿ ಗೆಳತಿಯೊಬ್ಬಳ ವಿಷಯ ಬರೆದಿದ್ದೀಯ: ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದವಳು, ಗುಟ್ಟು ಹೇಳಿಕೊಂಡ ಹುಡುಗಿಯ ಜೀವಕ್ಕೆ ಅಪಾಯವಿದೆಯೆನಿಸಿ ಅವಳ ಮನೆಯವರಿಗೆ ತಿಳಿಸಿದಳು, ಆಮೇಲೆ ತರಗತಿಯಲ್ಲೂ ಆಡಿದಳು, ನಿನ್ನನ್ನು ಕೇಳಿದಾಗ ನೀನು ಏನೂ ಹೇಳದೆ ಉಳಿದೆ. ಮನೆಯವರಿಗೆ ತಿಳಿಸಿದ್ದು ಸರಿ, ಏಕೆಂದರೆ ಆ ಮಾತು ಕೊಟ್ಟದ್ದೇ ಹುಡುಗಿಯ ಹಿತಕ್ಕಾಗಿ. ತರಗತಿಯಲ್ಲಿ ಆಡಿದ್ದು ತಪ್ಪು, ಅದರಿಂದ ಅವಳಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಇದು ನನ್ನ ತೀರ್ಮಾನ. ಆ ಹುಡುಗಿಯ ಜಾಗದಲ್ಲಿ ನಿಂತು ಇದನ್ನೊಮ್ಮೆ ನೋಡು, ಒಪ್ಪಿಗೆಯಾಗದಿದ್ದರೆ ಕಾರಣಸಹಿತ ಬರೆ.

ನಿನ್ನ ಪ್ರೀತಿಯ
ಮಾವ